ಸೊಂಟಕ್ಕೆ ಹೊಂದುವ ಕೈಕೋವಿ: ಗಾತ್ರ ಆರಿಸುವ ಬಗೆ

ಮಲೆನಾಡಿನ ಬೆಳೆಗಾರನಿಗೆ ಕೋವಿ ಹೊಸ ವಸ್ತುವಲ್ಲ. ಕಾಡಂಚಿನ ಮನೆಗಳಲ್ಲಿ ಕೇಪಿನ ಕೋವಿ, ಒಂಟಿನಳಿಗೆ ಕೋವಿ, ಜೋಡುನಳಿಗೆ ಕೋವಿಗಳು ತಲೆಮಾರುಗಳಿಂದ ಇವೆ. ಕೊಡಗಿನಲ್ಲಂತೂ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುವ ರೂಢಿಯಿದೆ. ಆದರೆ ರಿವಾಲ್ವರು, ಪಿಸ್ತೂಲುಗಳ ವಿಷಯ ಬೇರೆ. ಕಾಫಿ, ಕಾಳುಮೆಣಸು, ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಕಳವಿನ ಭಯವೂ ಜೊತೆಗೇ ಬರುತ್ತದೆ. ಆಗ ಕೆಲವು ಸದಸ್ಯರು ಸೊಂಟದಲ್ಲಿ ಇಟ್ಟುಕೊಳ್ಳುವ ಸಣ್ಣ ಆಯುಧವೊಂದನ್ನು ಕೊಳ್ಳುವ ಯೋಚನೆ ಮಾಡುವುದುಂಟು. ಅಂಥವರು ಸಾಮಾನ್ಯವಾಗಿ ವಿಚಾರಿಸುವುದು ಬೆಲೆಯನ್ನು ಮತ್ತು ಬೋರನ್ನು. ಗಾತ್ರವನ್ನು ವಿಚಾರಿಸುವವರು ಕಡಿಮೆ. ಹೀಗಿದ್ದರೂ ದಿನವೂ ಮೈಮೇಲೆ ಹೊರುವ ಆಯುಧದಲ್ಲಿ ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ಗಾತ್ರವನ್ನೇ.

ಇದಕ್ಕೆ ಕಾರಣ ಸರಳ. ಮೈಗೆ ಹಿತವಾಗಿರುವ ಆಯುಧ ಮೈಮೇಲೆಯೇ ಉಳಿಯುತ್ತದೆ. ಹಿತವಲ್ಲದ್ದು ಒಂದು ವಾರದಲ್ಲಿ ಸೊಂಟ ಬಿಟ್ಟು ಜೀಪಿನ ಸೀಟಿನ ಕೆಳಗೆ, ಮೇಜಿನ ಮೇಲೆ, ದಿಂಬಿನಡಿ, ಗೋದಾಮಿನ ಮೂಟೆಗಳ ಸಂದಿಯಲ್ಲಿ ಸೇರುತ್ತದೆ. ಅಲ್ಲಿ ಅದನ್ನು ಕಾಯುವವರು ಯಾರೂ ಇಲ್ಲ. ಮನೆಯ ಮಗು ಎತ್ತಿಕೊಳ್ಳಬಹುದು, ಕುತೂಹಲಕ್ಕೆ ಆಳೊಬ್ಬ ಮುಟ್ಟಬಹುದು, ಕಳ್ಳನೇ ಒಯ್ಯಬಹುದು. ರಕ್ಷಣೆಗೆಂದು ತಂದ ವಸ್ತುವೇ ಮನೆಗೆ ಕೇಡು ತರುತ್ತದೆ. ಆದ್ದರಿಂದ ಗಾತ್ರದ ಆಯ್ಕೆ ಬರಿಯ ಅನುಕೂಲದ ಮಾತಲ್ಲ, ಸುರಕ್ಷತೆಯ ಮೊದಲ ಮೆಟ್ಟಿಲು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಕೈಕೋವಿ ನಮಗೆ ನಿಜವಾಗಿ ಬೇಕೇ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಗಾತ್ರದ ಮಾತು ಬೇಡ.

ಬೆಳೆಯ ರಕ್ಷಣೆಗೆ ಕೈಕೋವಿ ಏನೂ ಪ್ರಯೋಜನವಿಲ್ಲ. 1959ರ ಆಯುಧ ಕಾಯಿದೆಯೇ ಇದನ್ನು ಅಳತೆ ಸಮೇತ ಹೇಳಿದೆ. ಬೆಳೆ ರಕ್ಷಣೆಗೆ ಕಾಯಿದೆ ಸೂಚಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕಿಂತ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಯನ್ನು. ರಿವಾಲ್ವರಿನ ಸದ್ದಿಗೆ ಹಂದಿ ಹಿಂಡು ಒಂದು ರಾತ್ರಿ ಚದುರಿದರೂ ಮರುರಾತ್ರಿ ಬರುತ್ತದೆ. ಆನೆ, ಕಾಟಿಯ ಎದುರು .32 ಬೋರಿನ ಗುಂಡು ಗಾಯ ಮಾಡೀತೇ ಹೊರತು ತಡೆಯಲಾರದು. ಗಾಯಗೊಂಡ ಪ್ರಾಣಿ ಮರುದಿನ ಕೊಯ್ಲಿಗೆ ಬಂದ ಹೆಂಗಸರ ಮೇಲೆ ತಿರುಗಿಬೀಳುತ್ತದೆ. ಅಲ್ಲದೆ ಕೋವಿಯ ಪರವಾನಗಿ ಎಂದರೆ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಲ್ಲರಿಗೂ ಅನ್ವಯಿಸುತ್ತದೆ. ತೋಟದಲ್ಲಿ ಆನೆ ಬೀಡುಬಿಟ್ಟರೆ ಆ ದಿನದ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸುವುದೊಂದೇ ದಾರಿ.

ಉಳಿಯುವುದು ಆತ್ಮರಕ್ಷಣೆ. ಕೂಲಿ ಹಣ ತರುವ ದಿನ, ಮಾಲು ಮಾರಿ ಹಿಂದಿರುಗುವ ರಾತ್ರಿ, ಒಂಟಿ ಮನೆಯ ಭಯ, ಇವು ನಿಜವಾದ ಕಾರಣಗಳೇ. ಆದರೆ ಇವುಗಳಲ್ಲಿ ಅರ್ಧವನ್ನು ಆಯುಧವಿಲ್ಲದೆ ನಿವಾರಿಸಬಹುದು. ಕೂಲಿಯನ್ನು ಬ್ಯಾಂಕಿನ ಮೂಲಕ ಸಲ್ಲಿಸಿದರೆ ನಗದು ಹೊರುವ ಪ್ರಸಂಗವೇ ಇಲ್ಲ. ಒಣಗಿದ ಮಾಲನ್ನು ಮನೆಯಲ್ಲಿ ತಿಂಗಳುಗಟ್ಟಲೆ ಇಡದೆ ಸಂಘದ ಉಗ್ರಾಣಕ್ಕೆ ಕಳಿಸಿದರೆ ಕಳ್ಳನಿಗೆ ಆಸೆ ಹುಟ್ಟುವುದಿಲ್ಲ. ಕಣಕ್ಕೆ ಒಂದು ದೀಪ, ಬಾಗಿಲಿಗೆ ಒಂದು ನಾಯಿ, ನೆರೆಯವರೊಡನೆ ಒಂದು ಒಪ್ಪಂದ, ಇವು ಮೂರೂ ಲಕ್ಷ ರೂಪಾಯಿಯ ರಿವಾಲ್ವರಿಗಿಂತ ಅಗ್ಗ. ಇಷ್ಟು ಮಾಡಿದ ಮೇಲೂ ಬೇಕೆನಿಸಿದರೆ ಮಾತ್ರ ಮುಂದಿನ ಯೋಚನೆ.

ಹೊರಲು ಹಿತ, ಹೊಡೆಯಲು ಹಿತ

ಗಾತ್ರದ ವಿಷಯದಲ್ಲಿ ಒಂದು ತೊಡಕಿದೆ. ಹೊರಲು ಹಿತವಾಗಿರುವುದು ಹೊಡೆಯಲು ಹಿತವಾಗಿರುವುದಿಲ್ಲ. ಹೊಡೆಯಲು ಹಿತವಾಗಿರುವುದು ಹೊರಲು ಭಾರ. ಇದು ತೋಟದ ಕತ್ತಿಯಂತೆಯೇ. ಸಣ್ಣ ಕತ್ತಿ ಸೊಂಟದ ಕೊಕ್ಕೆಗೆ ಹಗುರ, ಮರಗಸಿಗೆ ನಿಂತಾಗ ಕೈ ಸೋಲುತ್ತದೆ.

ಸಣ್ಣ ಆಯುಧದ ಗುಣಗಳು ಎಲ್ಲರಿಗೂ ಕಾಣುತ್ತವೆ. ದೋಷಗಳು ಹಾರಿಸಿದಾಗ ಮಾತ್ರ ಕಾಣುತ್ತವೆ. ಮುಖ್ಯವಾದವು ಮೂರು.

1. ಒದೆತ. ಗುಂಡು ಮುಂದಕ್ಕೆ ಹೋದಷ್ಟೇ ಬಲದಿಂದ ಆಯುಧ ಹಿಂದಕ್ಕೆ ಬರುತ್ತದೆ. ಆಯುಧ ಭಾರವಾಗಿದ್ದರೆ ಆ ಬಲವನ್ನು ತನ್ನ ತೂಕದಲ್ಲೇ ನುಂಗುತ್ತದೆ, ಹಗುರವಾಗಿದ್ದರೆ ಅಂಗೈಗೆ ಕೊಡುತ್ತದೆ. .32 ಬೋರಿನ ಒದೆತ ದೊಡ್ಡದೇನಲ್ಲ. ಆದರೂ ಅದೇ ಗುಂಡನ್ನು 700 ಗ್ರಾಂ ತೂಕದ ರಿವಾಲ್ವರಿನಿಂದಲೂ 500 ಗ್ರಾಂ ತೂಕದ ರಿವಾಲ್ವರಿನಿಂದಲೂ ಹೊಡೆದವನಿಗೆ ವ್ಯತ್ಯಾಸ ತಿಳಿಯುತ್ತದೆ.

2. ಹಿಡಿಕೆ. ಮೂರು ಬೆರಳು ಹಿಡಿಯಬೇಕಾದ ಕಡೆ ಎರಡೇ ಬೆರಳಿಗೆ ಜಾಗವಿದ್ದರೆ ಆಯುಧ ಕೈಯಲ್ಲಿ ತಿರುಗುತ್ತದೆ. ಕಿರುಬೆರಳು ಗಾಳಿಯಲ್ಲಿ ತೂಗುತ್ತದೆ. ಮಳೆಯಲ್ಲಿ, ಬೆವರಿನಲ್ಲಿ, ಕಾಫಿ ಹಣ್ಣಿನ ಅಂಟು ತಾಗಿದ ಕೈಯಲ್ಲಿ ಈ ದೋಷ ಇಮ್ಮಡಿಯಾಗುತ್ತದೆ.

3. ಗುರಿ. ಹಿಂಗುರಿ ಮತ್ತು ಮುಂಗುರಿಗಳ ನಡುವಿನ ಅಂತರ ಕಡಿಮೆಯಾದಷ್ಟೂ ತಪ್ಪು ದೊಡ್ಡದಾಗುತ್ತದೆ. ಲೆಕ್ಕ ನೋಡಿ. ಕೈಕೋವಿಯ ಗುರಿಗಳ ನಡುವೆ 12 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಕೈ 1 ಮಿ.ಮೀ. ಅಲುಗಿದರೂ 10 ಮೀಟರ್ ದೂರದಲ್ಲಿ ಗುಂಡು ಸುಮಾರು 8 ಸೆಂ.ಮೀ. ಆಚೆ ಬೀಳುತ್ತದೆ. 28 ಅಂಗುಲ ನಳಿಗೆಯುದ್ದಕ್ಕೂ ಗುರಿ ನೋಡುವ ಜೋಡುನಳಿಗೆಯಲ್ಲಿ ಅದೇ ಅಲುಗಾಟಕ್ಕೆ ತಪ್ಪುವುದು ಒಂದೂವರೆ ಸೆಂ.ಮೀ.ಗಿಂತ ಕಡಿಮೆ. ಕತ್ತಲಲ್ಲಿ, ಎದೆ ಹೊಡೆದುಕೊಳ್ಳುವಾಗ, ಕೈ ಅಲುಗುವುದು 1 ಮಿ.ಮೀ. ಮಾತ್ರವೇ ಅಲ್ಲ. ತಪ್ಪಿದ ಗುಂಡು ಎಲ್ಲಿಗಾದರೂ ಹೋಗಿ ಬೀಳಲೇಬೇಕು. ಲೈನು ಮನೆಗಳು, ರಸ್ತೆ, ನೆರೆತೋಟ, ಎಲ್ಲವೂ ಅದರ ದಾರಿಯಲ್ಲಿವೆ.

ದೊಡ್ಡ ಆಯುಧದ ದೋಷ ಒಂದೇ: ಅದು ಸೊಂಟದಲ್ಲಿ ಉಳಿಯುವುದಿಲ್ಲ. ಹೆಸರಾಂತ ಕೋಲ್ಟ್ ಕಂಪನಿ ಅಮೆರಿಕದ ಸೈನ್ಯಕ್ಕೆ 1911ರಲ್ಲಿ ಒದಗಿಸಿದ ಪಿಸ್ತೂಲಿಗೆ 5 ಅಂಗುಲದ ನಳಿಗೆ, ಒಂದು ಕಿಲೋ ಮೀರಿದ ತೂಕ. ಬ್ರಿಟಿಷರ ವೆಬ್ಲಿ ಆರನೇ ಮಾದರಿಯ ರಿವಾಲ್ವರಿಗೆ 6 ಅಂಗುಲದ ನಳಿಗೆ, ತೂಕವೂ ಹೆಚ್ಚುಕಡಿಮೆ ಅಷ್ಟೇ. ಇವು ಹೊರಗೆ ಕಾಣುವಂತೆ ಅಗಲವಾದ ಪಟ್ಟಿಗೆ ತೂಗುಹಾಕಿಕೊಳ್ಳುವ ಸಿಪಾಯಿಗಾಗಿ ಹುಟ್ಟಿದವು. ಬಟ್ಟೆಯೊಳಗೆ ಮುಚ್ಚಿ ಒಯ್ಯುವವರಿಗೆಂದು ಬೇರೆಯೇ ಜಾತಿ ಬೆಳೆಯಿತು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1950ರಲ್ಲಿ ಹೊರತಂದ ಐದು ಗುಂಡಿನ, ಸುಮಾರು 2 ಅಂಗುಲ ನಳಿಗೆಯ ರಿವಾಲ್ವರು ಆ ಜಾತಿಗೆ ಮಾದರಿಯಾಯಿತು. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ಅಂದಿನಿಂದ ಇಂದಿನವರೆಗೆ ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದೇ ಪ್ರಶ್ನೆ.

ನಮ್ಮ ದೇಶದಲ್ಲಿ ಸಿಗುವ ಗಾತ್ರಗಳು

ನಮ್ಮಲ್ಲಿ ಆಯ್ಕೆ ಅಷ್ಟು ವಿಶಾಲವಾಗಿಲ್ಲ, ಅದು ಒಂದು ರೀತಿಯಲ್ಲಿ ಒಳ್ಳೆಯದೇ. 9 ಮಿ.ಮೀ. ಮುಂತಾದ ಸೈನ್ಯದ ಬೋರುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗೆಂದು ಮಾಡುವ ಕೈಕೋವಿಗಳಲ್ಲಿ ಹೆಚ್ಚಿನವು .32 ಬೋರಿನವು. ಈ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನೆನ್ಸ್ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ವಿಸರ್ಜಿಸಿ ಏಳು ಸರ್ಕಾರಿ ಕಂಪನಿಗಳನ್ನಾಗಿ ಮಾಡಲಾಯಿತು.

ಗಾತ್ರದ ಅಂದಾಜಿಗಾಗಿ ಮೂರನ್ನು ಇಲ್ಲಿ ಹೆಸರಿಸಬಹುದು.

'ನಿಡರ್': .22 ಬೋರು, 8 ಗುಂಡು, ತೂಕ ಸುಮಾರು 250 ಗ್ರಾಂ. ಜೇಬಿಗೆ ಹಿಡಿಯುವಂಥದು.

'ನಿರ್ಭೀಕ್': 2014ರಲ್ಲಿ ಕಾನ್ಪುರದಿಂದ ಬಂದದ್ದು. .32 ಬೋರು, 6 ಗುಂಡು, ಟೈಟಾನಿಯಂ ಮಿಶ್ರಲೋಹದ ಮೈ, ತೂಕ ಸುಮಾರು 500 ಗ್ರಾಂ. ಮಹಿಳೆಯರಿಗೆಂದೇ ಪ್ರಚಾರ ಮಾಡಲಾಗಿತ್ತು. ಆಗಲೇ ಇದರ ಬೆಲೆ 1 ಲಕ್ಷ 20 ಸಾವಿರ ರೂಪಾಯಿ ದಾಟಿತ್ತು.

'ಪ್ರಬಲ್': 2023ರಲ್ಲಿ ಕಾನ್ಪುರದಿಂದಲೇ ಬಂದದ್ದು. .32 ಬೋರು, ನಳಿಗೆ 76 ಮಿ.ಮೀ., ಒಟ್ಟು ಉದ್ದ 177.6 ಮಿ.ಮೀ., ಗುಂಡು ತುಂಬದೆ ತೂಕ 700 ಗ್ರಾಂ. ಗುಂಡಿನ ಉರುಳೆ ಪಕ್ಕಕ್ಕೆ ತೆರೆಯುತ್ತದೆ. ಹಿಂದಿನ ಮಾದರಿಗಳು ನಡುವೆ ಮುರಿದಂತೆ ಬಾಗಿ ತೆರೆಯುತ್ತಿದ್ದವು.

ಇವುಗಳ ಜೊತೆಗೆ 'ಅಶನಿ' ಎಂಬ .32 ಬೋರಿನ ಪಿಸ್ತೂಲೂ ಇದೆ. ರಿವಾಲ್ವರಿಗೂ ಪಿಸ್ತೂಲಿಗೂ ಗಾತ್ರದಲ್ಲಿ ಇರುವ ಮುಖ್ಯ ವ್ಯತ್ಯಾಸ ದಪ್ಪದ್ದು. ರಿವಾಲ್ವರಿನ ಗುಂಡಿನ ಉರುಳೆ ಪಕ್ಕೆಗೆ ಗಂಟಿನಂತೆ ಒತ್ತುತ್ತದೆ. ಪಿಸ್ತೂಲು ಹಲಗೆಯಂತೆ ಚಪ್ಪಟೆ. ಉದ್ದ ಹೆಚ್ಚಾದರೆ ಮೈ ಸಹಿಸೀತು, ದಪ್ಪ ಹೆಚ್ಚಾದರೆ ಸಹಿಸದು. ಬಟ್ಟೆಯ ಮೇಲೆ ಉಬ್ಬು ಕಾಣುವುದೂ ದಪ್ಪದಿಂದಲೇ. ಆದರೆ ಪಿಸ್ತೂಲಿನ ಮೇಲಿನ ಜಾರುಭಾಗವನ್ನು ಹಿಂದಕ್ಕೆ ಎಳೆಯಲು ಬೆರಳಲ್ಲಿ ಕಸುವು ಬೇಕು. ಒಳಗೆ ಗುಂಡಿದೆಯೋ ಇಲ್ಲವೋ ಎಂಬುದು ಹೊರಗೆ ಸುಲಭವಾಗಿ ಕಾಣುವುದಿಲ್ಲ. ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ರಿವಾಲ್ವರನ್ನು ತೆರೆದರೆ ಆರೂ ಕೋಣೆಗಳು ಕಣ್ಣಿಗೆ ಬೀಳುತ್ತವೆ. ಅಪರೂಪಕ್ಕೊಮ್ಮೆ ಮುಟ್ಟುವ ಬೆಳೆಗಾರನಿಗೆ, ಅದರಲ್ಲೂ ಗಂಟುನೋವಿರುವ ಹಿರಿಯರಿಗೆ, ರಿವಾಲ್ವರಿನ ಈ ಸರಳತೆ ದೊಡ್ಡ ಗುಣ.

'ಹೆಂಗಸರಿಗೆ ಸಣ್ಣದು ಸಾಕು' ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಹಗುರವಾದ ಆಯುಧ ಕೈಗೆ ಹೆಚ್ಚು ಒದೆಯುತ್ತದೆ, ಹಿಡಿಕೆ ಕಿರಿದು, ಟ್ರಿಗರು ಬಿಗಿ. ಕಸುವು ಕಡಿಮೆಯಿರುವ ಕೈಗೆ ಬೇಕಾದದ್ದು ತುಸು ಭಾರದ, ಹಿಡಿಕೆ ತುಂಬಿಬರುವ ನಡುಗಾತ್ರದ ಆಯುಧ. ಸಂಸಾರದ ಯಾವ ವ್ಯಕ್ತಿಯ ಹೆಸರಿನಲ್ಲಿ ಪರವಾನಗಿ ಇದೆಯೋ ಆ ವ್ಯಕ್ತಿಯೇ ಅಂಗಡಿಗೆ ಹೋಗಿ ಹಿಡಿದು ನೋಡಿ ಆರಿಸತಕ್ಕದ್ದು.

ಹಣ ಕೊಡುವ ಮುನ್ನ ಮರಳಿನ ಚೀಲ

ಮೈಗೆ ಹೊಂದುತ್ತದೆಯೇ ಎಂದು ತಿಳಿಯಲು ಆಯುಧವೇ ಬೇಕಾಗಿಲ್ಲ. ಬೆಳೆಗಾರರು ಮನೆಯಲ್ಲೇ ಮಾಡಿನೋಡಬಹುದಾದ ಸುಲಭ ಪರೀಕ್ಷೆಯಿದು.

ಅಡಿಕೆ ದಬ್ಬೆಯಿಂದ 7 ಅಂಗುಲ ಉದ್ದದ ತುಂಡೊಂದನ್ನು ಕತ್ತರಿಸಿ. ಅದರೊಡನೆ ಒಟ್ಟು ಮುಕ್ಕಾಲು ಕಿಲೋ ಆಗುವಷ್ಟು ಮರಳನ್ನು ಗಟ್ಟಿ ಬಟ್ಟೆಯ ಚೀಲದಲ್ಲಿ ತುಂಬಿ ಹೊಲಿಯಿರಿ. ಇದು ಗುಂಡು ತುಂಬಿದ ನಡುಗಾತ್ರದ ರಿವಾಲ್ವರಿನ ಉದ್ದ ಮತ್ತು ತೂಕ. ಈ ಚೀಲವನ್ನು ನೀವು ದಿನವೂ ಕಟ್ಟುವ ಬೆಲ್ಟಿಗೆ ಬಲಗಡೆ ಸಿಕ್ಕಿಸಿಕೊಂಡು ಒಂದು ವಾರ ಎಂದಿನ ಕೆಲಸ ಮಾಡಿ. ತೋಟದ ಇಳಿಜಾರು ಹತ್ತಿ ಇಳಿಯಿರಿ. ಗಿಡದ ಬುಡಕ್ಕೆ ಕುಕ್ಕರುಗಾಲಲ್ಲಿ ಕುಳಿತು ಕಾಂಡಕೊರಕ ನೋಡಿ. ಜೀಪು ಓಡಿಸಿ, ಬೈಕು ಏರಿ, ಸಂಘದ ಸಭೆಯಲ್ಲಿ ಎರಡು ಗಂಟೆ ಕುರ್ಚಿಯಲ್ಲಿ ಕೂರಿ.

ವಾರದ ಕೊನೆಗೆ ಚೀಲ ಇನ್ನೂ ಸೊಂಟದಲ್ಲೇ ಇದ್ದರೆ ಆ ಗಾತ್ರ ನಿಮಗೆ ಹೊಂದುತ್ತದೆ. ಬುಧವಾರವೇ ಅದು ಗೂಟಕ್ಕೆ ಹೋಗಿದ್ದರೆ ಅರ್ಧ ಕಿಲೋ ಚೀಲ ಮಾಡಿ ಇನ್ನೊಂದು ವಾರ ನೋಡಿ. ಅದೂ ಗೂಟಕ್ಕೆ ಹೋದರೆ ಕೈಕೋವಿ ನಿಮಗಲ್ಲ. ಒಂದು ಲಕ್ಷ ರೂಪಾಯಿ ಉಳಿಯಿತೆಂದು ತಿಳಿದು ಬೇಲಿಗೆ, ದೀಪಕ್ಕೆ ಹಾಕಿ. ಬಹಳ ಜನಕ್ಕೆ ಈ ಪರೀಕ್ಷೆಯ ಫಲ ಇದೇ ಆಗಿರುತ್ತದೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಅಂಗಡಿಯಲ್ಲಿ ನೋಡತಕ್ಕ ಅಂಶಗಳು

ಚೀಲದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಕೈಗೆ ಬಂದ ಮೇಲೆ ಅಂಗಡಿಗೆ ಹೋಗುವುದು. ಅಲ್ಲಿ ಮೊದಲು ಆಯುಧವನ್ನು ತೆರೆದು ಖಾಲಿಯಿದೆಯೆಂದು ನೀವೇ ಕಣ್ಣಾರೆ ನೋಡಬೇಕು. ಅಂಗಡಿಯವನ ಮಾತು ಸಾಲದು. ನಳಿಗೆ ಯಾವ ಮನುಷ್ಯನ ಕಡೆಗೂ ತಿರುಗಬಾರದು. ಅಂಗಡಿಯವನ ಅನುಮತಿ ಪಡೆದೇ ಟ್ರಿಗರು ಎಳೆಯಬೇಕು. ಬಳಿಕ ಹೀಗೆ ಪರೀಕ್ಷಿಸಿ.

ಒಂದು, ಹಿಡಿಕೆಯನ್ನು ಹಿಡಿದಾಗ ಹೆಬ್ಬೆರಳು ತೋರುಬೆರಳುಗಳ ನಡುವಿನ ಕವಲು ಹಿಡಿಕೆಯ ಮೇಲ್ತುದಿಗೆ ಕೂರಬೇಕು. ಮುಂಗೈಯ ಮೂಳೆ ಮತ್ತು ನಳಿಗೆ ಒಂದೇ ಗೆರೆಯಲ್ಲಿ ಬರಬೇಕು. ಬೆರಳು ಟ್ರಿಗರಿಗೆ ಎಟುಕಲೆಂದು ಕೈಯನ್ನು ಪಕ್ಕಕ್ಕೆ ಹೊರಳಿಸಬೇಕಾದರೆ ಅದು ನಿಮ್ಮ ಕೈಗೆ ದೊಡ್ಡದಾಯಿತು.

ಎರಡು, ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತೆ ಟ್ರಿಗರಿನ ಮೇಲೆ ಕೂರಬೇಕು. ಬೆರಳು ಎರಡನೆಯ ಗೆಣ್ಣಿನವರೆಗೆ ಒಳಹೊಕ್ಕರೆ ಸಣ್ಣದಾಯಿತು.

ಮೂರು, ಉಳಿದ ಮೂರು ಬೆರಳುಗಳೂ ಹಿಡಿಕೆಯನ್ನು ಸುತ್ತಬೇಕು. ಕಿರುಬೆರಳು ಹಿಡಿಕೆಯ ತುದಿಯಲ್ಲಿ ಅರ್ಧ ಕೂತರೂ ಆದೀತು, ಪೂರ್ತಿ ಹೊರಗುಳಿಯಬಾರದು.

ನಾಲ್ಕು, ಕುದುರೆಯನ್ನು ಕೈಯಿಂದ ಎತ್ತದೆ, ಟ್ರಿಗರನ್ನೇ ಹತ್ತು ಸಲ ನಿಧಾನವಾಗಿ ಎಳೆದು ನೋಡಿ. ಎಂಟನೆಯ ಸಲಕ್ಕೆ ಮುಂಗುರಿ ನಡುಗತೊಡಗಿದರೆ ಆ ಟ್ರಿಗರು ನಿಮಗೆ ಬಿಗಿ.

ಐದು, ಸೊಂಟದ ಚೀಲದಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವ ಚೂಪು ಭಾಗಗಳಿವೆಯೇ ನೋಡಿ. ಎತ್ತರದ ಗುರಿಮೊನೆ, ಹೊರಚಾಚಿದ ಕುದುರೆ, ಇವೇ ಮುಖ್ಯ ತೊಡಕುಗಳು.

ಎಲ್ಲಿ ಕಟ್ಟಿಕೊಳ್ಳಬೇಕು?

ಗಾತ್ರ ಎಷ್ಟೇ ಸರಿಯಿದ್ದರೂ ಕಟ್ಟುವ ಜಾಗ ತಪ್ಪಿದರೆ ಹಿತವಿಲ್ಲ. ಬಲಗೈಯವರಿಗೆ ಬಲಸೊಂಟದ ಮೂಳೆಯ ಸ್ವಲ್ಪ ಹಿಂಭಾಗ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಪಕ್ಕೆಯ ಟೊಳ್ಳಿನಲ್ಲಿ ಆಯುಧ ಕೂರುತ್ತದೆ, ಅಂಗಿ ಅಥವಾ ಸ್ವೆಟರು ಮುಚ್ಚುತ್ತದೆ. ದಿನದ ಹೆಚ್ಚು ಹೊತ್ತು ಜೀಪಿನಲ್ಲಿ ಕೂರುವವರಿಗೆ ಎಡಸೊಂಟದ ಮುಂದೆ ಹಿಡಿಕೆ ಬಲಕ್ಕೆ ಬರುವಂತೆ ಕಟ್ಟುವುದು ಅನುಕೂಲ.

ಬೆನ್ನಿನ ನಡುವೆ ಎಂದೂ ಕಟ್ಟಬಾರದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಅಂಗಾತ ಬೀಳುವುದು ನಮಗೆ ಅಪರೂಪವಲ್ಲ. ಬೆನ್ನುಹುರಿಯ ಕೆಳಗೆ ಕಬ್ಬಿಣದ ತುಂಡಿದ್ದರೆ ಆ ಬೀಳು ಆಸ್ಪತ್ರೆಯವರೆಗೆ ಒಯ್ಯುತ್ತದೆ. ಕಣಕಾಲಿಗೆ ಕಟ್ಟುವ ಪದ್ಧತಿ ಪಟ್ಟಣಕ್ಕೆ ಸರಿ. ಕೆಸರು, ಜಿಗಣೆ, ಮೊಣಕಾಲುದ್ದ ಬೂಟುಗಳ ನಾಡಿಗೆ ಅದು ಆಗಿಬರದು. ಪಂಚೆಯ ಮಡಿಕೆಯಲ್ಲಿ, ಚಡ್ಡಿಯ ಜೇಬಿನಲ್ಲಿ ಬರಿಯ ಆಯುಧವನ್ನು ತುರುಕುವುದು ಅಪಾಯ. ಬೀಗದಕೈ ಗೊಂಚಲು ಟ್ರಿಗರಿನ ಸಂದಿಗೆ ಸಿಕ್ಕರೆ ಸಾಕು, ತೊಡೆಗೇ ಗುಂಡು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿಯಾದ ಚೀಲವಿಲ್ಲದೆ ಕೈಕೋವಿ ಮನೆಯಿಂದ ಹೊರಡಬಾರದು. ಬೆಲ್ಟು ಕೂಡ ಮುಖ್ಯ. ತೆಳ್ಳನೆಯ ಬೆಲ್ಟಿಗೆ ಕಟ್ಟಿದ ಅರ್ಧ ಕಿಲೋ ಎರಡು ಕಿಲೋ ಅನ್ನಿಸುತ್ತದೆ. ದಪ್ಪನೆಯ ಅಗಲ ಬೆಲ್ಟಿನಲ್ಲಿ ಮುಕ್ಕಾಲು ಕಿಲೋ ಮರೆತೇಹೋಗುತ್ತದೆ.

ಹಳೆಯ ಮಾದರಿಯ ರಿವಾಲ್ವರಾಗಿದ್ದರೆ ಕುದುರೆಯ ಕೆಳಗಿನ ಕೋಣೆಯನ್ನು ಖಾಲಿ ಬಿಡುವುದು ಹಿರಿಯರ ಪದ್ಧತಿ. ಆಯುಧ ಕಲ್ಲಿನ ಮೇಲೆ ಬಿದ್ದರೂ ಸಿಡಿಯುವುದಿಲ್ಲ. ಒಂದು ಗುಂಡು ಕಡಿಮೆಯಾಯಿತೆಂದು ಕೊರಗಬೇಕಾಗಿಲ್ಲ.

ಮಳೆ, ಬೆವರು, ಮೈಲುತುತ್ತ

ಮೈಗೆ ಅಂಟಿಕೊಂಡೇ ಇರುವ ಆಯುಧಕ್ಕೆ ಬೆವರಿನ ಉಪ್ಪು ಶತ್ರು. ನಮ್ಮ ಮಳೆಗಾಲದ ತೇವ ಇನ್ನೊಂದು ಶತ್ರು. ಸಂಜೆ ಬಂದೊಡನೆ ಒಣಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರಬೇಕು. ಚರ್ಮದ ಚೀಲ ಹೊರಲು ಮಾತ್ರ, ಇಡಲು ಅಲ್ಲ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರೊಳಗೆ ಒಂದು ಆಷಾಢ ಕಳೆದ ಉಕ್ಕಿಗೆ ತುಕ್ಕಿನ ಕಲೆ ಖಂಡಿತ.

ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ದಿನ ಆಯುಧ ಮನೆಯಲ್ಲೇ ಬೀಗದೊಳಗೆ ಇರಲಿ. ದ್ರಾವಣ ಸರಿಬಂದಿದೆಯೇ ಎಂದು ನೋಡಲು ನಾವು ಕತ್ತಿಯ ಅಲಗನ್ನು ಅದ್ದುತ್ತೇವಲ್ಲವೇ? ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಮೈಲುತುತ್ತ ಕಬ್ಬಿಣವನ್ನು ತಿನ್ನುವ ಬಗೆ ಅದು. ಕತ್ತಿಯನ್ನು ಮಸೆದುಕೊಳ್ಳಬಹುದು, ನಳಿಗೆಯೊಳಗಿನ ತಿರುಗುಗೀರನ್ನು ಮಸೆಯಲಾಗದು.

ಕಾನೂನಿನ ಮಾತು

ಮುಚ್ಚಿ ಒಯ್ಯುವುದೆಂದರೆ ಕದ್ದು ಒಯ್ಯುವುದೆಂದು ಕೆಲವರ ಭಾವನೆ. ಹಾಗಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಕೋವಿಯನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ ಮೈಗೆ ಕಟ್ಟಿಕೊಂಡು, ಅಥವಾ ಹೆಗಲಚೀಲದಂಥದರಲ್ಲಿ ಇಟ್ಟುಕೊಂಡು, ಪೂರ್ತಿ ಮುಚ್ಚಿ ಒಯ್ಯಬೇಕು. ಅದು ಸದಾ ಒಯ್ಯುವವನ ಹತೋಟಿಯಲ್ಲಿ ಇರತಕ್ಕದ್ದು. ಹತೋಟಿ ಎಂಬ ಮಾತನ್ನು ಗಮನಿಸಿ. ಜೀಪಿನಲ್ಲಿ ಬಿಟ್ಟು ಚಹಾ ಕುಡಿಯಲು ಹೋದರೆ ಹತೋಟಿ ತಪ್ಪಿದಂತೆ. ಗಾತ್ರ ಹಿತವಾಗಿರಬೇಕೆಂದು ಇಷ್ಟು ಒತ್ತಿ ಹೇಳುತ್ತಿರುವುದೂ ಇದಕ್ಕಾಗಿಯೇ. ತೋರಿಸಿ ಬೆದರಿಸುವುದು ಪರವಾನಗಿಗೆ ಸಂಚಕಾರ.

ಪರವಾನಗಿ ಕೇಳುವವರು ಆಯುಧ ಸುರಕ್ಷತೆಯ ತರಬೇತಿ ಪಡೆದಿರಬೇಕೆಂದೂ ಆ ನಿಯಮಗಳು ಹೇಳುತ್ತವೆ. ಅದನ್ನು ಕಾಗದದ ಶಾಸ್ತ್ರವೆಂದು ಎಣಿಸಬೇಡಿ. 2019ರ ತಿದ್ದುಪಡಿಯಿಂದ ಒಬ್ಬ ವ್ಯಕ್ತಿ ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಹೊಂದುವಂತಿಲ್ಲ, ಪರವಾನಗಿಯ ಅವಧಿ ಐದು ವರ್ಷ. ಮನೆಯಲ್ಲಿ ಜೋಡುನಳಿಗೆಯೂ ಕೇಪಿನ ಕೋವಿಯೂ ನಿಮ್ಮ ಹೆಸರಿನಲ್ಲೇ ಇದ್ದರೆ ಮೂರನೆಯದಕ್ಕೆ ಎಡೆಯಿಲ್ಲ. ಅಪಾಯವಾಗುವಂತೆ ಮದುವೆ, ಹಬ್ಬದ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮದ್ಯ ಮುಟ್ಟಿದ ದಿನ ಆಯುಧ ಮುಟ್ಟಬಾರದೆಂಬುದಕ್ಕೆ ಕಾಯಿದೆಯ ಆಧಾರವೇ ಬೇಕಾಗಿಲ್ಲ.

ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ವಾಸಿಸುವ ಪರವಾನಗಿದಾರರು ವನ್ಯಜೀವಿ ಕಾಯಿದೆಯಂತೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ಪ್ರದೇಶದಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯೂ ಬೇಕು. ಪುಷ್ಪಗಿರಿ, ಬ್ರಹ್ಮಗಿರಿ, ಮೂಕಾಂಬಿಕಾ, ಸೋಮೇಶ್ವರ ಮುಂತಾದ ಅಭಯಾರಣ್ಯಗಳ ಸುತ್ತ ಇರುವ ಸದಸ್ಯರು ಇದನ್ನು ಮರೆಯಬಾರದು.

ಕೊಡಗಿನ ಮೂಲನಿವಾಸಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರುವವರೂ ತಮ್ಮ ವಿನಾಯಿತಿ ಪತ್ರವನ್ನು ಓದಿಕೊಂಡು, ಜಿಲ್ಲೆಯ ಹೊರಗೆ ಒಯ್ಯುವ ಮೊದಲು ಅಧಿಕಾರಿಗಳನ್ನು ವಿಚಾರಿಸುವುದು ಲೇಸು. ಚುನಾವಣೆ ಕಾಲದಲ್ಲಿ ಠಾಣೆಗೆ ಒಪ್ಪಿಸುವ ಆದೇಶ ಬಂದರೆ ಆಯುಧದ ನಂಬರು ಬರೆದ ರಸೀದಿಯನ್ನು ಪಡೆಯದೆ ಬರಬೇಡಿ.

ಸೊಂಟದಿಂದ ಇಳಿದ ಮೇಲೆ

ಸೊಂಟದಿಂದ ತೆಗೆದ ಆಯುಧಕ್ಕೆ ಒಂದೇ ಒಂದು ಜಾಗವಿರಬೇಕು: ಗೋಡೆಗೆ ಅಥವಾ ನೆಲಕ್ಕೆ ಬಿಗಿದ, ಬೀಗವಿರುವ ಉಕ್ಕಿನ ಪೆಟ್ಟಿಗೆ. ಗುಂಡುಗಳಿಗೆ ಬೇರೆ ಬೀಗ. ಬೀಗದಕೈ ನಿಮ್ಮ ಹತ್ತಿರ, ಮೊಳೆಯ ಮೇಲಲ್ಲ. 'ಕಪಾಟಿನ ಮೇಲಿಟ್ಟರೆ ಮಕ್ಕಳಿಗೆ ಸಿಗುವುದಿಲ್ಲ' ಎಂಬ ಮಾತನ್ನು ನಂಬಬೇಡಿ. ಉಂಡೆ ಡಬ್ಬಿಯನ್ನು ಹುಡುಕುವ ಮಗುವಿಗೆ ಎಟುಕದ ಕಪಾಟು ಮಲೆನಾಡಿನ ಯಾವ ಮನೆಯಲ್ಲೂ ಇಲ್ಲ. ಮನೆಯಲ್ಲಿ ಯಾರಾದರೂ ಮನಸ್ಸು ನೊಂದು, ಸಾಲಕ್ಕೆ ಹೆದರಿ ಕುಗ್ಗಿರುವ ಕಾಲದಲ್ಲಿ ಆಯುಧವನ್ನು ಪರವಾನಗಿ ಹೊಂದಿದ ಅಂಗಡಿಯಲ್ಲೋ ಠಾಣೆಯಲ್ಲೋ ಠೇವಣಿ ಇಡುವುದು ಎಲ್ಲಕ್ಕಿಂತ ಜಾಣತನ. ಕಳೆದುಹೋದರೆ ಅರ್ಧ ದಿನವೂ ಕಾಯದೆ ಠಾಣೆಗೆ ತಿಳಿಸಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ತೀರಾ ಸಣ್ಣದು ಕೈಗೆ ನಿಲ್ಲದು, ತೀರಾ ದೊಡ್ಡದು ಮೈಗೆ ನಿಲ್ಲದು. ನಳಿಗೆ 3 ಅಂಗುಲದ ಆಸುಪಾಸು, ಒಟ್ಟು ಉದ್ದ 7 ಅಂಗುಲ, ತೂಕ ಅರ್ಧ ಕಿಲೋಗಿಂತ ಕಡಿಮೆಯಿಲ್ಲದೆ ಮುಕ್ಕಾಲು ಕಿಲೋ ಮೀರದೆ, ಹಿಡಿಕೆಗೆ ಮೂರು ಬೆರಳು ತುಂಬುವಂತೆ ಇರುವ ರಿವಾಲ್ವರು ಹೆಚ್ಚಿನ ಬೆಳೆಗಾರರಿಗೆ ಹೊಂದೀತು. ಅದನ್ನೂ ಮರಳಿನ ಚೀಲ ಒಪ್ಪಿದ ಮೇಲೆ ಕೊಳ್ಳಿ. ಕೈಕೋವಿಗೆ ಇರಬೇಕಾದ ಜಾಗಗಳು ಎರಡೇ: ಒಡೆಯನ ಮೈ ಅಥವಾ ಬೀಗದ ಪೆಟ್ಟಿಗೆ. ಮೂರನೆಯ ಜಾಗದಲ್ಲಿ ಇಡಬೇಕೆನಿಸುವಂಥದು ಎಷ್ಟೇ ಅಗ್ಗವಾಗಿ ಸಿಕ್ಕರೂ ಅಂಗಡಿಯಲ್ಲೇ ಬಿಟ್ಟುಬನ್ನಿ.